ದೇಶ ಬಿಡುವ ಮನಸ್ಸು ಗೂಗಲ್‌ನಲ್ಲಿ ಕಾಣುತ್ತದೆಯೇ? ಹುಡುಕಿ ನೋಡುವ ಬಗೆ

ಮೀಸಲು ಪಡೆಯವರನ್ನು ಉಕ್ರೇನ್ ಯುದ್ಧಕ್ಕೆ ಕರೆಸುವುದಾಗಿ ಪುಟಿನ್ 2022ರ ಸೆಪ್ಟೆಂಬರ್ 21ರಂದು ಘೋಷಿಸಿದ ಬೆನ್ನಲ್ಲೇ, ರಷ್ಯಾದ ಗೂಗಲ್‌ನಲ್ಲಿ ‘ರಷ್ಯಾ ಬಿಟ್ಟು ಹೋಗುವುದು ಹೇಗೆ’, ‘ಮನೆಯಲ್ಲೇ ಕೈ ಮುರಿದುಕೊಳ್ಳುವುದು ಹೇಗೆ’ ಎಂಬ ಹುಡುಕಾಟಗಳು ಒಮ್ಮೆಲೇ ಏರಿದವು. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು ಎಂಬ ಕಾನೂನು ಅಲ್ಲಿ ಮಾರ್ಚ್‌ನಲ್ಲೇ ಬಂದಿತ್ತು. ಅಂಥಲ್ಲಿ ಅಪರಿಚಿತರು ಬಂದು ‘ದೇಶ ಬಿಡುತ್ತೀರಾ’ ಎಂದರೆ ಯಾರು ಬಾಯಿ ಬಿಟ್ಟಾರು? ಆದ್ದರಿಂದಲೇ ಹುಡುಕಾಟದ ಅಂಕಿಗಳಿಗೆ ಬೆಲೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿದ್ಯಾರ್ಥಿಗಳು ಬೆಳಗಾವಿಯಲ್ಲೇ ಕುಳಿತು, ಖರ್ಚಿಲ್ಲದೆ ಇವನ್ನು ಅಭ್ಯಸಿಸಬಹುದು.

ಮೊದಲ ಕೆಲಸ ಪದಗಳ ಆಯ್ಕೆ. ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಇಂಗ್ಲಿಷ್ ಬೇಡ, ರಷ್ಯನ್ ಪದಗಳೇ ಬೇಕು. ಉಕ್ರೇನ್ ಆದರೆ ಉಕ್ರೇನಿಯನ್, ರಷ್ಯನ್ ಎರಡೂ. ‘ವಲಸೆ’ ಎಂಬ ಪದವನ್ನು ಸುದ್ದಿ ಓದುವವರೂ ಹುಡುಕುತ್ತಾರೆ. ಆದರೆ ‘ಯೆರೆವಾನ್‌ಗೆ ಟಿಕೆಟ್’, ‘ಟಿಬಿಲಿಸಿಯಲ್ಲಿ ಬಾಡಿಗೆ ಮನೆ’ ಎಂದು ನೆರೆಯ ಆರ್ಮೇನಿಯಾ, ಜಾರ್ಜಿಯಾಗಳ ರಾಜಧಾನಿಗಳ ಬಗ್ಗೆ ಕೇಳುವವರ ಮನಸ್ಸು ಆಗಲೇ ಅರ್ಧ ಹೊರಟಿರುತ್ತದೆ. ಇಂಥ ವ್ಯವಹಾರದ ಪದಗಳನ್ನೇ ನಾನು ನೆಚ್ಚುತ್ತೇನೆ.

ಬಳಿಕ, ಯಾವ ಪದವನ್ನು ಜನ ಯಾವಾಗ ಎಷ್ಟು ಹುಡುಕಿದರೆಂದು ಗೆರೆ ಎಳೆದು ತೋರಿಸುವ ಗೂಗಲ್ ಟ್ರೆಂಡ್ಸ್ ತೆರೆದು ದೇಶ, ಅವಧಿ ಆರಿಸಿ. 2004ರಿಂದ ಈಚಿನ ಮಾಹಿತಿ ಅಲ್ಲಿದೆ. ಯುದ್ಧ ಶುರುವಾದ 2022ರ ಫೆಬ್ರವರಿ 24ಕ್ಕಿಂತ ಒಂದು ವರ್ಷ ಹಿಂದಿನಿಂದಲಾದರೂ ತೆಗೆದುಕೊಳ್ಳಿ. ಇಲ್ಲದಿದ್ದರೆ ಏರಿಕೆ ಎಷ್ಟೆಂದು ಅಳೆಯಲಾಗದು. ಅಲ್ಲಿನ 100 ಎಂಬುದು ನೂರು ಜನರಲ್ಲ; ಆ ಅವಧಿಯಲ್ಲಿ ಒಟ್ಟು ಹುಡುಕಾಟಗಳಲ್ಲಿ ಆ ಪದದ ಪಾಲು ತುತ್ತತುದಿ ಮುಟ್ಟಿದ ಗಳಿಗೆ. ಅಂಕಿಗಳು ಎಲ್ಲ ಹುಡುಕಾಟಗಳದ್ದಲ್ಲ, ಆಯ್ದ ಒಂದು ಮಾದರಿಯಿಂದ ಬಂದವು, ಹಾಗಾಗಿ ಬೇರೆ ಬೇರೆ ದಿನ ಇಳಿಸಿಕೊಂಡು ಸರಾಸರಿ ಮಾಡಿ. ರಷ್ಯನ್ನರು ಹೆಚ್ಚು ಬಳಸುವುದು ಯಾಂಡೆಕ್ಸ್ ಎಂಬ ಅಲ್ಲಿನದೇ ಹುಡುಕು ತಾಣ. ಅದರ ವರ್ಡ್‌ಸ್ಟ್ಯಾಟ್ ಎಂಬ ಅಂಕಿ-ಅಂಶ ಪುಟದಲ್ಲಿ ಹುಡುಕಾಟಗಳ ಸಂಖ್ಯೆಯೇ ಸಿಗುತ್ತದೆ. ಎರಡನ್ನೂ ಹೋಲಿಸಿ.

ಗೆರೆಯ ಮೇಲೆ ಘಟನೆಗಳ ದಿನಾಂಕ ಗುರುತಿಸಿ. ಎರಡು ದಿನದಲ್ಲಿ ಇಳಿದದ್ದು ಗಾಬರಿ, ವಾರಗಟ್ಟಲೆ ನಿಂತದ್ದು ತಯಾರಿ ಎಂದು ಸದ್ಯಕ್ಕೆ ಊಹಿಸಿ, ಜಾರ್ಜಿಯಾದಂಥ ನೆರೆದೇಶಗಳ ಗಡಿ ದಾಟಿದವರ ಲೆಕ್ಕಕ್ಕೆ ತಾಳೆ ನೋಡಿ. ತಾವಿರುವ ಜಾಗ ಮರೆಮಾಚುವ ವಿಪಿಎನ್ ಹಾಕಿದವರು ಬೇರೆ ದೇಶದವರಂತೆ ಕಾಣುತ್ತಾರೆ, ಎಚ್ಚರ.

ಇನ್ನು ಕಾಣದವರ ಮಾತು. ಇಂಡಿ, ಸಿಂದಗಿ, ಹುನಗುಂದದಿಂದ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರು ಗೂಗಲ್ ಕೇಳಿ ಹೊರಡುವುದಿಲ್ಲ. ಕೂಲಿಯವರನ್ನು ಒಯ್ಯುವ ಮುಕಾದಮನ ಫೋನ್ ಬಂತು, ಮುಂಗಡ ಬಂತು, ಗಂಟುಮೂಟೆ ಕಟ್ಟಿದರು. ಯುದ್ಧದಲ್ಲೂ ಮುದುಕರು, ಬಡವರು, ಬಂಧುಗಳ ಮಾತು ನಂಬಿ ಹೊರಟವರು ಈ ಗೆರೆಯಲ್ಲಿ ಇರುವುದಿಲ್ಲ. ವರದಿಯ ಮೊದಲ ಪುಟದಲ್ಲೇ ಅದನ್ನು ಬರೆಯಿರಿ. ಸಾಧ್ಯವಾದರೆ ದೇಶ ಬಿಟ್ಟು ಬಂದ ಕೆಲವರನ್ನಾದರೂ ಮಾತಾಡಿಸಿ.