ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿಗೆ ಆಂಪ್ ಆರಿಸುವಾಗ
ವ್ಯಾಟ್ ಆಮೇಲೆ ನೋಡಿ, ಮೊದಲು ಆಂಪ್ (ಆಂಪ್ಲಿಫೈಯರ್) 2 ಓಮ್‌ನಷ್ಟು ಕಡಿಮೆ ಲೋಡ್ ತಾಳಿಕೊಳ್ಳುತ್ತಾ ಎಂದು ನೋಡಿ. ಈ ಸ್ಪೀಕರ್ ಒಳಗಿರುವುದು ತೆಳು ಪ್ಲಾಸ್ಟಿಕ್ ಹಾಳೆ, ಅದರ ಎರಡೂ ಬದಿಗೆ ತೂತುಗಳ ತಟ್ಟೆ. ಆಂಪಿನ ಪಾಲಿಗೆ ಅದೊಂದು ದೊಡ್ಡ ಕೆಪಾಸಿಟರ್. ಹಾಗಾಗಿ ಸ್ವರ ಮೇಲೇರಿದಂತೆ ಇಂಪೀಡೆನ್ಸ್, ಅಂದರೆ ಓಮ್‌ನಲ್ಲಿ ಅಳೆಯುವ ವಿದ್ಯುತ್ ಅಡ್ಡಿ, ಕುಸಿಯುತ್ತದೆ. 1957ರ ಕ್ವಾಡ್ ಇಎಸ್‌ಎಲ್ ಎಂಬ ಇಂಥ ಸ್ಪೀಕರ್ ಹೆಸರಿಗೆ 16 ಓಮ್, ತೀರಾ ಮೇಲಿನ ಸ್ವರಗಳಲ್ಲಿ 2 ಓಮ್ ಆಸುಪಾಸು! ಇಂಥ ಲೋಡಿಗೆ ಒಗ್ಗದ ಆಂಪ್ ಆಸಿಲೇಟ್ ಆಗಿ (ತಾನೇ ತಾನಾಗಿ ಕಂಪಿಸಿ) ಸುಮ್ನೆ ಬಿಸಿಯಾಗುತ್ತದೆ. ವಾಲ್ವ್ ಆಂಪಾದರೆ 4 ಓಮ್ ಟ್ಯಾಪ್‌ಗೂ (ಸ್ಪೀಕರ್ ತಂತಿ ಜೋಡಿಸುವ ಜಾಗ) ಒಮ್ಮೆ ಹಾಕಿ ಕೇಳಿ ನೋಡಿ, ಟ್ರೆಬಲ್ (ಮೇಲಿನ ಸ್ವರಗಳು) ತೆರೆದುಕೊಳ್ಳಬಹುದು. ಆದರೆ ಹಳೇ ಕ್ವಾಡ್‌ಗೆ ಇಷ್ಟೇ ಲೆಕ್ಕ ಸಾಲದು. ಅದು ತಾಳಿಕೊಳ್ಳುವುದು ಸುಮಾರು 33 ವೋಲ್ಟ್ ಪೀಕ್ (ಗರಿಷ್ಠ ಏರಿಕೆ) ಮಾತ್ರ. 100 ವ್ಯಾಟಿನ ಗಟ್ಟಿ ಆಂಪ್ ಹಾಕಿ ವಾಲ್ಯೂಮ್ ಜಾಸ್ತಿ ತಿರುಗಿಸಿದರೆ ಟ್ರೆಬಲ್ ಪ್ಯಾನೆಲ್‌ನಲ್ಲಿ ಕಿಡಿ ಹಾರಿ ಹಾಳೆ ಸುಡುತ್ತದೆ. ಆ ಕಾಲಕ್ಕೆ ಅದರ ಜೋಡಿಯಾಗಿದ್ದ ಕ್ವಾಡ್ 2 ಆಂಪ್ ಬರೀ 15 ವ್ಯಾಟ್.