ಹಿಂಬದಿಯ ಕತ್ತುಪಟ್ಟು: ಹಿಸುಕುವ ಮೊದಲು ಸಂದು ಮುಚ್ಚಿ

ಮೊದಲ ಆರು ತಿಂಗಳು ನಾನು ಹಾಕಿದ ಕತ್ತುಪಟ್ಟಿಗೆ ಯಾರೂ ಟ್ಯಾಪ್ ಮಾಡಲಿಲ್ಲ, ಅಂದರೆ ಸೋತೆ ಎಂದು ಕೈ ತಟ್ಟಲಿಲ್ಲ. ಎದುರಾಳಿಯ ಬೆನ್ನ ಹಿಂದೆ ಜಾಗ ಸಿಗುತ್ತಿತ್ತು, ಕೈಯೂ ಕತ್ತಿನ ಸುತ್ತ ಹೋಗುತ್ತಿತ್ತು. ಆಮೇಲೆ ಹಲ್ಲು ಕಚ್ಚಿಕೊಂಡು ಹಿಸುಕುತ್ತಿದ್ದೆ. ಅರ್ಧ ನಿಮಿಷಕ್ಕೆ ನನ್ನ ತೋಳೇ ಮರದ ಕೊರಡು. ಎದುರಾಳಿ ಆರಾಮವಾಗಿ ಕಾದಿದ್ದು, ನನ್ನ ಕೈ ಸೋತ ಮೇಲೆ ಬಿಡಿಸಿಕೊಂಡು ಹೋಗುತ್ತಿದ್ದ. ಜಿಯು-ಜಿಟ್ಸು ಥರದ ಹಿಡಿತದ ಕಾಳಗ ಕಲಿಯುವ ಜಿಮ್‌ನಲ್ಲಿ ನಿಮ್ಮ ಪಾಡೂ ಇದೇ ಆಗಿದ್ದರೆ ಮುಂದೆ ಓದಿ.

ಜೂಡೋದವರು ಈ ಪಟ್ಟಿಗೆ ಹಡಕಾ ಜಿಮೆ ಅನ್ನುತ್ತಾರೆ. ಹಡಕಾ ಅಂದರೆ ಬೆತ್ತಲೆ. ಅಂಗಿಯ ಕಾಲರ್ ಹಿಡಿಯದೆ ಬರೀ ತೋಳಿನಲ್ಲಿ ಹಾಕುವ ಪಟ್ಟು ಇದು. ಇಂಗ್ಲಿಷ್‌ನ ರಿಯರ್ ನೇಕೆಡ್ ಚೋಕ್ ಕೂಡ ಅದೇ ಅರ್ಥದ್ದು. ಬ್ರೆಜಿಲ್‌ನವರು ಮಾತಾ ಲಿಯಾವ್ ಎನ್ನುತ್ತಾರೆ, ಸಿಂಹ ಕೊಲ್ಲುವ ಪಟ್ಟು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ಕಾಳಗ ಶೈಲಿಯವರು ಸೆಣಸುವ ಯುಎಫ್‌ಸಿ ಟೂರ್ನಿ ಮೊದಲ ಸಲ ನಡೆಯಿತು. ಅದರ ಫೈನಲ್‌ನಲ್ಲಿ ಬ್ರೆಜಿಲ್‌ನ ರಾಯ್ಸ್ ಗ್ರೇಸಿ ಇದೇ ಪಟ್ಟಿನಿಂದ ಗೆರಾರ್ಡ್ ಗೋರ್ಡೋನನ್ನು ಸೋಲಿಸಿದರು.

ಒಲಿಂಪಿಕ್ ಕುಸ್ತಿಯಲ್ಲಿ ಕತ್ತು ಹಿಸುಕುವುದು ತಪ್ಪು. ಹಾಗಾಗಿ ಗರಡಿಯಿಂದ ಬಂದವರಿಗೆ ಈ ಆಟ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಪಟ್ಟು ಹಾಕುವವನೇ ಎಷ್ಟೋ ಸಲ ನೆಲಕ್ಕೆ ಬೆನ್ನು ಹಚ್ಚಿ ಮಲಗಿರುತ್ತಾನೆ, ಎದುರಾಳಿ ಅವನ ಎದೆಯ ಮೇಲೆ ಅಂಗಾತ ಒರಗಿರುತ್ತಾನೆ. ಹಳೇ ಪೈಲ್ವಾನರು ನೋಡಿದರೆ, 'ಚಿತ್ ಆಗಿರೋದು ನೀನೇ ಅಲ್ವಾ' ಎಂದು ನಗುತ್ತಾರೆ.

ಒತ್ತಬೇಕಾದದ್ದು ಎಲ್ಲಿ?

ಕತ್ತಿನ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ಪಟ್ಟು ಒತ್ತಬೇಕಾದದ್ದು ಅವನ್ನು. ನಡುವಿನ ಉಸಿರುನಾಳವನ್ನಲ್ಲ. ಉಸಿರುನಾಳ ಅದುಮಿದರೆ ನೋವು, ಕೆಮ್ಮು ಜಾಸ್ತಿ, ಪೆಟ್ಟಾಗುವ ಭಯವೂ ಇದೆ. ಎದುರಾಳಿ ಮಾತ್ರ ಹಟ ಹಿಡಿದು ತಡೆದುಕೊಂಡು ಕೂರಬಲ್ಲ. ಬದಿಯ ನಾಳಗಳ ಮೇಲೆ ಒತ್ತಡ ಸರಿಯಾಗಿ ಬಿದ್ದರೆ ಸುಮಾರು 10 ಸೆಕೆಂಡಿನೊಳಗೇ ಎಚ್ಚರ ತಪ್ಪಬಹುದು. ಅದಕ್ಕೇ ಈ ಪಟ್ಟನ್ನು ಕೋಚ್ ಎದುರಿಗಿದ್ದಾಗ, ಮ್ಯಾಟ್ ಮೇಲೆ ಮಾತ್ರ ಅಭ್ಯಾಸ ಮಾಡಿ. ಮನೆಯಲ್ಲಿ ತಮ್ಮನ ಮೇಲೆ ಬೇಡ. ರಕ್ತದೊತ್ತಡ, ಕತ್ತಿನ ತೊಂದರೆ, ಹಿಂದೆ ಪಾರ್ಶ್ವವಾಯು ಆಗಿದ್ದವರು ಇದರಿಂದ ದೂರವಿರುವುದು ಒಳ್ಳೆಯದು.

ಬೆನ್ನು ಕೈ ಬಿಡಬೇಡಿ

ಬಲಗೈ ಪಟ್ಟನ್ನೇ ತೆಗೆದುಕೊಳ್ಳೋಣ. ನೀವು ಎದುರಾಳಿಯ ಬೆನ್ನ ಹಿಂದಿದ್ದೀರಿ. ನಿಮ್ಮ ಬಲಗೈ ಅವನ ಬಲ ಭುಜದ ಮೇಲಿಂದ ಬರಲಿ, ಎಡಗೈ ಅವನ ಎಡ ಕಂಕುಳ ಕೆಳಗಿಂದ. ಎರಡೂ ಅವನ ಎದೆಯ ಮೇಲೆ ಕೂಡಲಿ. ಕಾರಿನ ಸೀಟ್ ಬೆಲ್ಟ್ ಹಾಕಿದ ಹಾಗೆ ಕಾಣುತ್ತದೆ, ಹೆಸರೂ ಅದೇ. ಪಾದಗಳು ಅವನ ತೊಡೆಯ ಒಳಬದಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿರಲಿ. ಪಾದಗಳನ್ನು ಒಂದರ ಮೇಲೊಂದು ಹಾಕಿ ಬೀಗ ಹಾಕಬೇಡಿ. ಅವನು ಅದರ ಮೇಲೆ ತನ್ನ ಕಾಲು ಹೆಣೆದು ಕೂತರೆ ನಿಮ್ಮ ಕಣಕಾಲೇ ಮುರಿಯುವ ಹಾಗಾಗುತ್ತದೆ. ಒರಗುವುದಾದರೆ ಬಲಕ್ಕೆ, ಕತ್ತಿಗೆ ಹಾಕುವ ಕೈಯ ಬದಿಗೇ ಒರಗಿ. ಇನ್ನೊಂದು ಬದಿಗೆ ಬಿದ್ದರೆ ಅವನ ಬೆನ್ನು ಸುಲಭವಾಗಿ ನೆಲ ಮುಟ್ಟುತ್ತದೆ, ಬೆನ್ನು ಕೈತಪ್ಪುತ್ತದೆ.

ಅಡಕತ್ತರಿ

ಪಟ್ಟಿನ ಜೀವ ಇರುವುದು ಇಲ್ಲಿ. ಅಜ್ಜಿ ಅಡಿಕೆ ಕತ್ತರಿಸುವುದನ್ನು ನೆನಪಿಸಿಕೊಳ್ಳಿ. ಅಡಿಕೆಯನ್ನು ಕತ್ತರಿಯ ತುದಿಯಲ್ಲಿ ಇಡುವುದಿಲ್ಲ, ಕೀಲಿನ ಹತ್ತಿರ ತಳ್ಳುತ್ತಾರೆ. ಆಗ ಮುದುಕಿಯ ಕೈಗೂ ಅಡಿಕೆ ಎರಡು ಹೋಳು. ನಿಮ್ಮ ಮೊಣಕೈಯ ಒಳಮಡಿಕೆ ಆ ಕೀಲು. ಅದು ಅವನ ಗಂಟಲಿನ ನೇರಕ್ಕೆ, ಗದ್ದದ ಕೆಳಗೆ ಬರಬೇಕು. ಆಗ ತೋಳು ಒಂದು ಬದಿ ಒತ್ತುತ್ತದೆ, ಮುಂಗೈ ಇನ್ನೊಂದು ಬದಿ. ಉಸಿರುನಾಳ ನಡುವಿನ ಪೊಳ್ಳಿನಲ್ಲಿ ಉಳಿಯುತ್ತದೆ. ಆರು ತಿಂಗಳು ನಾನು ಮಾಡಿದ್ದು ತುದಿಯಲ್ಲಿ ಅಡಿಕೆ ಇಟ್ಟು ಜಜ್ಜಿದ ಕೆಲಸ. ಮಣಿಕಟ್ಟು ಗಂಟಲ ಮೇಲಿತ್ತು, ಮೊಣಕೈ ಎಲ್ಲೋ ಪಕ್ಕದಲ್ಲಿತ್ತು.

ಆ ಮಡಿಕೆ ಸರಿಯಾಗಿ ಕೂರಲು ಬಲಗೈಯನ್ನು ಆದಷ್ಟು ಆಳಕ್ಕೆ ಕಳಿಸಿ. ಬೆರಳುಗಳು ಅವನ ಎಡ ಭುಜ ದಾಟಿ ಹಿಂದೆ ಬೆನ್ನಿನ ಕಡೆ ಹೋಗಲಿ. ಅಲ್ಲೇ ಭುಜ ಹಿಡಿದು ಒಂದು ಕ್ಷಣ ನಿಲ್ಲಿ. ಎಷ್ಟೋ ಸಲ ಈ ಒಂದು ಕೈಗೇ ಟ್ಯಾಪ್ ಬರುತ್ತದೆ. ಇಲ್ಲದಿದ್ದರೆ ಎಡಗೈ ಮೇಲೆ ತನ್ನಿ. ಬಲ ಅಂಗೈ ಎಡ ಬೈಸೆಪ್ಸ್ ಮೇಲೆ ಕೂರಲಿ. ಎಡಗೈಯನ್ನು ಅವನ ತಲೆಯ ಹಿಂದೆ, ನಿಮ್ಮ ಎದೆಗೂ ಅವನ ತಲೆಗೂ ನಡುವೆ, ಚಾಕು ತೂರಿಸಿದಂತೆ ತೂರಿಸಿ. ಆ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟರೆ ಅವನು ಹಿಡಿದು ಎಳೆದುಹಾಕುತ್ತಾನೆ. ನಿಮ್ಮ ಕೆನ್ನೆ ಅವನ ತಲೆಗೆ ಅಂಟಿರಲಿ.

ಈಗ ಸಂದುಗಳನ್ನು ನೋಡಿ. ಕತ್ತಿಗೂ ತೋಳಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಇದೆಯೇ? ಮೊದಲು ಅದನ್ನು ಮುಚ್ಚಿ, ಆಮೇಲೆ ಬಿಗಿ. ಬಿಗಿಯುವುದು ಕೂಡ ಬೆನ್ನಿನಿಂದ. ಎರಡೂ ಮೊಣಕೈ ನಿಮ್ಮ ಪಕ್ಕೆಲುಬಿನ ಕಡೆ ಇಳಿಯಲಿ. ಹಿಂದೆ ರೆಕ್ಕೆ ಮೂಳೆಗಳನ್ನು ಒಂದಕ್ಕೊಂದು ಹತ್ತಿರ ಎಳೆದು ಎದೆ ಉಬ್ಬಿಸಿ, ಉಸಿರು ತುಂಬಿಕೊಳ್ಳಿ. ತೋಳುಗಳ ಸಂಕೋಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತದೆ. ನಿಧಾನವಾಗಿ, ಮೂರ್ನಾಲ್ಕು ಸೆಕೆಂಡು ತೆಗೆದುಕೊಂಡು ಒತ್ತಡ ಏರಿಸಿ. ಜೊತೆಗಾರನಿಗೆ ಟ್ಯಾಪ್ ಮಾಡಲು ಸಮಯ ಸಿಗುತ್ತದೆ, ಎಲ್ಲಿ ಸೋರುತ್ತಿದೆ ಎಂಬುದೂ ನಿಮಗೆ ಗೊತ್ತಾಗುತ್ತದೆ.

ಗದ್ದ ಅಡ್ಡ ಬಂದರೆ

ಬರುತ್ತದೆ, ಎಲ್ಲರೂ ಗದ್ದ ಎದೆಗೆ ಒತ್ತಿಕೊಳ್ಳುತ್ತಾರೆ. ದವಡೆಯ ಮೇಲೇ ಹಿಂಡಿ ನೋವಿಗೆ ಟ್ಯಾಪ್ ಮಾಡಿಸುವವರಿದ್ದಾರೆ. ಸ್ಪರ್ಧೆಯಲ್ಲಿ ಏನಾದರೂ ಮಾಡಿಕೊಳ್ಳಲಿ, ಅಭ್ಯಾಸದಲ್ಲಿ ಅದು ನನಗೆ ಹಿಡಿಸುವುದಿಲ್ಲ. ನಾಳೆ ಅದೇ ಗೆಳೆಯ ಊಟ ಅಗಿಯಬೇಕಲ್ಲ. ಕಾಯಿರಿ. ಅವನ ಗಮನ ಕತ್ತಿನ ಮೇಲಿದ್ದರೆ ಅವನ ಒಂದು ಕೈಯನ್ನು ನಿಮ್ಮ ಕಾಲಿನಡಿ ಸಿಕ್ಕಿಸಿ. ಒಂದೇ ಕೈ ಉಳಿದವನು ನಿಮ್ಮ ಎರಡು ಕೈಗಳನ್ನು ಎಷ್ಟು ಹೊತ್ತು ತಡೆದಾನು? ಅಥವಾ ಎಡಗೈಯಿಂದ ಕತ್ತಿಗೆ ಹಾಕುವಂತೆ ತೋರಿಸಿ. ಅವನು ಅತ್ತ ತಿರುಗಿದಾಗ ಇತ್ತ ಗದ್ದ ಏಳುತ್ತದೆ. ಎರಡನೇ ಕೈ ತಲೆಯ ಹಿಂದೆ ಹೋಗಲು ಜಾಗವೇ ಇಲ್ಲದಿದ್ದರೆ ಅಂಗೈಗೆ ಅಂಗೈ ಸೇರಿಸಿ, ಅವನ ಭುಜದ ಹಿಂದೆ ಬಿಗಿ ಹಾಕಿದರೂ ಕೆಲಸ ಆಗುತ್ತದೆ.

ಬಿಡುವುದು

ಟ್ಯಾಪ್ ಮೈಗೆ ಬಿದ್ದರೂ, ನೆಲಕ್ಕೆ ಬಿದ್ದರೂ, ಬಾಯಲ್ಲಿ ಹೇಳಿದರೂ ತಕ್ಷಣ ಬಿಡಿ. ಅನುಮಾನ ಬಂದರೂ ಬಿಡಿ. ಕೆಲವರು ಟ್ಯಾಪ್ ಮಾಡದೆಯೇ ಎಚ್ಚರ ತಪ್ಪುತ್ತಾರೆ. ಹಿಡಿದ ಕೈ ಸಡಿಲವಾಯಿತೇ, ಗೊರಕೆಯಂತೆ ಸದ್ದು ಬಂತೇ, ಪಟ್ಟು ಮುಗಿದಿದೆ ಅಂತ ಲೆಕ್ಕ. ಮೆಲ್ಲಗೆ ಮಲಗಿಸಿ. ಅಲುಗಾಡಿಸಬೇಡಿ, ಮುಖಕ್ಕೆ ನೀರು ಎರಚಬೇಡಿ. ಉಸಿರಾಡುತ್ತಿದ್ದಾನೆಯೇ ನೋಡಿ, ಪಕ್ಕಕ್ಕೆ ತಿರುಗಿಸಿ. ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಕಣ್ಣು ಬಿಟ್ಟು, 'ಏನಾಯ್ತು?' ಅನ್ನುತ್ತಾನೆ. ಕಣ್ಣು ಬಿಡಲು ತಡವಾದರೆ, ಮಾತು ತೊದಲಿದರೆ, ಕತ್ತು ನೋವು ಅಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಚೆನ್ನಾಗಿಯೇ ಎದ್ದರೂ ಅವತ್ತಿನ ಅಭ್ಯಾಸ ಅವನಿಗೆ ಅಲ್ಲಿಗೇ ಸಾಕು. 'ನಂಗೇನೂ ಆಗಿಲ್ಲ, ಇನ್ನೊಂದು ರೌಂಡ್' ಎಂದು ಅವನು ಹೇಳೇ ಹೇಳುತ್ತಾನೆ. ಬೈಕ್ ಕೀ ತೆಗೆದಿಟ್ಟುಕೊಂಡು ಯಾರನ್ನಾದರೂ ಜೊತೆ ಮಾಡಿ ಮನೆಗೆ ಕಳಿಸಿ.