ಹಳೇ ಎಚ್61 ಬೋರ್ಡಿಗೆ ಐ5 ಹಾಕೂದು ಹೆಂಗ, ಮದ್ಲ ಬಯೋಸ್ ನೋಡ್ರಿ

ನಿಮ್ಮ ಮನ್ಯಾಗ 2011ರ ಸುಮಾರಿನ ಎಚ್61 ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಇದ್ದು ಅದರಾಗ ಇಂಟೆಲ್ ಐ3-2120 ಪ್ರೊಸೆಸರ್ ಇದ್ರ ಆ ಪಿಸಿ ಒಗೀಬ್ಯಾಡ್ರಿ, ಇನ್ನೂ ಕೆಲಸಕ್ಕ ಬರ್ತೈತಿ. ಅದಕ್ಕ ಎರಡ ಕೋರ್, ಅದ 1155 ಸಾಕೆಟ್‌ನಾಗ (ಪ್ರೊಸೆಸರ್ ಕೂಡೂ ಜಾಗ) ಕೂಡೂ ಐ5-3470ಕ್ಕ ನಾಕು, ಸೆಕೆಂಡ್ ಹ್ಯಾಂಡ್ ಸಿಗತೈತಿ. ಆದ್ರ ವಿಂಡೋಸ್ ಇನ್ನೂ ಹಾರ್ಡ್ ಡಿಸ್ಕ್ ಮ್ಯಾಲೇ ಓಡಾಕತ್ತಿದ್ರ ಮದ್ಲ ಎಸ್‌ಎಸ್‌ಡಿ ಹಾಕ್ರಿ, ಪ್ರೊಸೆಸರ್ ಆಮ್ಯಾಲ.

ವಿಜಯಪುರದಾಗ ನಮ್ಮ ತಮ್ಮನ ಪಿಸಿಗೆ ನಾನ ಹಾಕಿದ್ದು. ಅಂಗಡಿಯವ್ರು "ಸಾಕೆಟ್ ಒಂದ ಐತಲ್ರಿ, ಸೀದಾ ಹಾಕ್ರಿ" ಅಂದ್ರು, ಹಾಕಿದೆ, ಫ್ಯಾನ್ ತಿರಗತೈತಿ, ಮಾನಿಟರ್ ಮಾತ್ರ ಕರ್ರಗ. ಚಿಪ್ ಕೆಟ್ಟಿದ್ದಿಲ್ಲ, ಬೋರ್ಡೂ ಕೆಟ್ಟಿದ್ದಿಲ್ಲ, 3470 ಅನ್ನೋದು 2012ರಾಗ ಬಂದ ಐವಿ ಬ್ರಿಡ್ಜ್ ಪೀಳಿಗಿ ಚಿಪ್, ಬೋರ್ಡಿನ ಬಯೋಸ್ (ಪಿಸಿ ಚಾಲೂ ಮಾಡೂ ಮೂಲ ಸಾಫ್ಟ್‌ವೇರ್) ಅದಕ್ಕಿಂತ ಹಳೇದು, ಅದಕ್ಕ ಈ ಚಿಪ್ಪಿನ ಗುರ್ತ ಇಲ್ಲ. ಮತ್ತ ಐ3 ವಾಪಸ್ ಹಾಕಿ ಬಯೋಸ್ ಅಪ್ಡೇಟ್ ಮಾಡಿದ ಮ್ಯಾಲೇ ಡಿಸ್‌ಪ್ಲೇ ಬಂತು.

ಅದಕ್ಕ ರೊಕ್ಕ ಕೊಡೂಕಿಂತ ಮದ್ಲ ವಿಂಡೋಸ್ ಸರ್ಚ್‌ನಾಗ ಸಿಸ್ಟಮ್ ಇನ್ಫರ್ಮೇಶನ್ ತಗದು ಬೋರ್ಡಿನ ಮಾಡೆಲ್, ಬಯೋಸ್ ವರ್ಷನ್ ಬರ್ಕೊಳ್ರಿ, ಬೋರ್ಡಿನ ಮೂಲ್ಯಾಗ ಪ್ರಿಂಟ್ ಇರೂ ರಿವಿಷನ್ ನಂಬರೂ ನೋಡ್ರಿ, ಆಮ್ಯಾಲ ಕಂಪನಿ ಸೈಟ್‌ನಾಗ ಸಿಪಿಯು ಸಪೋರ್ಟ್ ಲಿಸ್ಟ್ ತಗದ್ರ ಯಾವ ಪ್ರೊಸೆಸರಿಗೆ ಯಾವ ಬಯೋಸ್ ಬೇಕಂತ ಬರದಿರತೈತಿ. ಲಿಸ್ಟ್‌ನಾಗ ಇಲ್ಲಂದ್ರ ಕೊಳ್ಳಬ್ಯಾಡ್ರಿ. ಕೆಲವೊಂದು ಬೋರ್ಡಿಗೆ ಎಂಇ ಫರ್ಮ್‌ವೇರೂ (ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್, ಬೋರ್ಡಿನೊಳಗಿನ ಇನ್ನೊಂದು ಸಾಫ್ಟ್‌ವೇರ್) ಹಾಕಬೇಕಾಗತೈತಿ. ಐ5-4570 ಕೊಟ್ರ ಬ್ಯಾಡಂತ ಹೇಳ್ರಿ, ಅದು 1150 ಸಾಕೆಟ್, ಕೂಡಂಗಿಲ್ಲ.

ಅಪ್ಡೇಟ್ ಹಳೇ ಪ್ರೊಸೆಸರ್ ಒಳಗಿದ್ದಾಗನ ಮಾಡ್ರಿ, ಯುಪಿಎಸ್ ಮ್ಯಾಲೇ ಮಾಡ್ರಿ. ನಡುವ ಕರೆಂಟ್ ಹೋದ್ರ ಬೋರ್ಡ್ ಹೋದಂಗನ, ಇದನ್ನ ಹಗರ ತಗೋಬ್ಯಾಡ್ರಿ.

ಈಗ ಬಿಚ್ಚೂದು. ಪಿಸಿ ಹತ್ತು ನಿಮಿಷ ಓಡಿಸಿ ಬಂದ್ ಮಾಡ್ರಿ, ಚಿಪ್ಪಿಗೂ ಕೂಲರಿಗೂ ನಡುವಿನ ಹಳೇ ಥರ್ಮಲ್ ಪೇಸ್ಟ್ ಮೆತ್ತಗಾಗತೈತಿ. ಪ್ಲಗ್ ಕೀಳ್ರಿ, ಕೇಸಿನ ಕಬ್ಬಿಣ ಮುಟ್ಟಿ ಮೈಯಾಗಿನ ಸ್ಟ್ಯಾಟಿಕ್ ಕಳೀರಿ. ಕೂಲರಿನ ನಾಕೂ ಪಿನ್ ಬಾಣದ ಗುರ್ತಿನ ಕಡೆ ತಿರುವಿ ಮ್ಯಾಲ ಎತ್ರಿ. ನಮ್ಮ ಕಡೆ ಧೂಳು ಎಷ್ಟಂದ್ರ ಹೀಟ್‌ಸಿಂಕಿನ ಸಂದ್ಯಾಗ ಕಂಬಳಿ ಹಾಸಿದಂಗ ಕುಂತಿರತೈತಿ, ಬ್ರಶ್‌ಲೇ ಪೂರ್ತಿ ತಗೀರಿ.

ಲಿವರ್ ಎತ್ತಿ ಹಳೇ ಚಿಪ್ ಸೀದಾ ಮ್ಯಾಲ ತಗೀರಿ. ಈ ಸಾಕೆಟ್‌ನಾಗ ಪಿನ್ ಇರೂದು ಬೋರ್ಡಿನ್ಯಾಗ, ಕೂದಲೆಳಿಯಂಥಾವು, ಬಟ್ಟಿ ತಾಗಿದ್ರೂ ಬಾಗತಾವ, ಅಲ್ಲಿ ಬೆರಳು ಇಡಬ್ಯಾಡ್ರಿ, ಊದಬ್ಯಾಡ್ರಿ. ಹೊಸ ಚಿಪ್ಪಿನ ಎರಡೂ ಕಚ್ಚು ಸಾಕೆಟ್ಟಿನ ಉಬ್ಬಿಗೆ ಹೊಂದಿಸಿ ಇಡ್ರಿ, ತಾನ ಕೂಡತೈತಿ, ಒತ್ತೂದು ಬ್ಯಾಡ. ಲಿವರ್ ಹಾಕುವಾಗ ಕರ್ ಅಂತ ಸಪ್ಪಳ ಬರ್ತೈತಿ, ಅಂಜಬ್ಯಾಡ್ರಿ.

ಚಿಪ್ಪಿನ ನಡುವ ತೊಗರಿ ಕಾಳಿನಷ್ಟು ಪೇಸ್ಟ್ ಇಟ್ಟು, ಕೂಲರಿನ ಪಿನ್ ಎದುರಾ ಬದುರಾ ಮೂಲಿಯಿಂದ ಒತ್ರಿ, ನಾಕು ಸಲ ಟಕ್ ಅನ್ನಬೇಕು. ಫ್ಯಾನ್ ವೈರ್ ಮರೀಬ್ಯಾಡ್ರಿ. ಡಿಸ್‌ಪ್ಲೇ ಬರ್ಲಿಲ್ಲಂದ್ರ ಪ್ಲಗ್ ಕಿತ್ತು ಬೋರ್ಡಿನ ಗುಂಡನ ಬ್ಯಾಟರಿ ಐದು ನಿಮಿಷ ತಗದಿಟ್ಟು ಮತ್ತ ಹಾಕ್ರಿ.

ಬಂದ ಮ್ಯಾಲ ಅರ್ಧಾ ತಾಸು ಭಾರೀ ಕೆಲಸ ಕೊಟ್ಟು ಟೆಂಪರೇಚರ್ ನೋಡ್ರಿ. 90 ಡಿಗ್ರಿ ದಾಟಾಕತ್ತಿದ್ರ ಕೂಲರಿನ ಯಾವುದೋ ಒಂದು ಪಿನ್ ಕುಂತಿರಲಿಕ್ಕಿಲ್ಲ, ಬಂದ್ ಮಾಡಿ ಬೋರ್ಡಿನ ಹಿಂದ ಟಾರ್ಚ್ ಹಿಡದು ನಾಕೂ ಪಿನ್ ಪೂರ್ತಿ ಹೊರಗ ಬಂದಾವೇನು ನೋಡ್ರಿ.